ಕೇರಿಯ ಸುದ್ದಿಗೆ ಕಿವಿಗೊಡುವುದು ಹೇಗೆ: ಸಾರ್ವಜನಿಕ ಸಂಪರ್ಕಾಧಿಕಾರಿಗಳಿಗೆ ಒಂದು ಮಾರ್ಗದರ್ಶಿ

ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಅಚ್ಚಾಗಲಿ ಎಂದು ಪತ್ರಿಕಾಗೋಷ್ಠಿ ಕರೆದು, ಉಪಾಹಾರದ ವ್ಯವಸ್ಥೆ ಮಾಡಿ, ಮುದ್ರಿತ ಪ್ರಕಟಣೆ ಹಂಚುವ ಎಷ್ಟೋ ಸಂಸ್ಥೆಗಳು, ತಮ್ಮ ಕಚೇರಿಯ ಹಿಂದಿನ ಬೀದಿಯಲ್ಲೇ ಒಡೆದ ಕೊಳವೆಯ ಚಿತ್ರ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಗ್ಗೆಯಿಂದ ಹರಿದಾಡುತ್ತಿರುವುದನ್ನು ಸಂಜೆಯವರೆಗೂ ಅರಿತಿರುವುದಿಲ್ಲ. ಮರುದಿನ ಅದೇ ಚಿತ್ರ ಪತ್ರಿಕೆಯಲ್ಲಿ ಬಂದಾಗ ‘ಸ್ಪಷ್ಟನೆ’ ಬರೆಯಲು ಕೂರುತ್ತಾರೆ. ಆ ಹೊತ್ತಿಗೆ ಬೀದಿಯವರು ತಮ್ಮ ತೀರ್ಮಾನಕ್ಕೆ ಬಂದಾಗಿರುತ್ತದೆ.

ವಿದ್ಯುತ್ ಸರಬರಾಜು ಕಂಪನಿ, ನಗರಸಭೆ, ಸಹಕಾರಿ ಬ್ಯಾಂಕ್, ಹಾಲು ಒಕ್ಕೂಟ, ಆಸ್ಪತ್ರೆ, ಊರಂಚಿನ ಕಾರ್ಖಾನೆ ಮುಂತಾದ ಸಂಸ್ಥೆಗಳಲ್ಲಿ ಸಾರ್ವಜನಿಕ ಸಂಪರ್ಕದ ಹೊಣೆ ಹೊತ್ತವರಿಗಾಗಿ ಈ ಬರಹ. ಒಂದು ವಾರ್ಡು, ಒಂದು ಗ್ರಾಮ ಪಂಚಾಯಿತಿ ಅಥವಾ ಒಂದು ಬಡಾವಣೆಯ ವ್ಯಾಪ್ತಿಯಲ್ಲಿ, ಪತ್ರಿಕೋದ್ಯಮವನ್ನೇ ಕಸುಬಾಗಿಸಿಕೊಳ್ಳದ ನಿವಾಸಿಗಳು ತಮ್ಮ ಸುತ್ತಮುತ್ತಲಿನ ಸಂಗತಿಗಳನ್ನು ತಾವೇ ವರದಿ ಮಾಡುವುದನ್ನು ಇಲ್ಲಿ ಊರುಕೇರಿಯ ನಾಗರಿಕ ಪತ್ರಿಕೋದ್ಯಮ ಎಂದು ಕರೆದಿದ್ದೇನೆ. ಈ ವರದಿಗಳು ಸಂಸ್ಥೆಯ ಹಿಡಿತದಲ್ಲಿ ಇಲ್ಲದಿರುವುದೇ ಸಾರ್ವಜನಿಕ ಸಂಪರ್ಕಕ್ಕೆ ಅವುಗಳಿಂದಾಗುವ ಮುಖ್ಯ ಪ್ರಯೋಜನ. ನಿಮ್ಮ ಎಂಜಿನಿಯರ್ ಹೇಳಲು ಹಿಂಜರಿಯುವುದನ್ನು, ಗ್ರಾಹಕ ಸೇವಾ ಕೇಂದ್ರದ ಅಂಕಿಪಟ್ಟಿ ಮರೆಮಾಡುವುದನ್ನು ಬೀದಿಯ ವರದಿಗಾರ ಹೇಳುತ್ತಾನೆ. ಅವನನ್ನು ನಿಮ್ಮ ಪ್ರಚಾರದ ಕಾಲಾಳನ್ನಾಗಿ ಮಾಡಿಕೊಂಡ ದಿನ ಆ ಪ್ರಯೋಜನ ಅಳಿಯುತ್ತದೆ. ಮುಂದಿನ ಎಲ್ಲ ಹೆಜ್ಜೆಗಳೂ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಇದನ್ನು ಮೊಬೈಲ್ ತಂದ ಹೊಸ ಖಯಾಲಿ ಎಂದು ತಳ್ಳಿಹಾಕುವುದು ಸರಿಯಲ್ಲ. 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತನ್ನ ಹೆಸರಿನಲ್ಲೇ ಒಂದು ಊರನ್ನು ಹೊತ್ತಿತ್ತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ರ ದಶಕದ ಆರಂಭದಲ್ಲಿ ಶುರುವಾದ ಸಮುದಾಯ ಬಾನುಲಿ ‘ನಮ್ಮ ಧ್ವನಿ’ಗೆ ಆಗಿನ ನಿಯಮದಂತೆ ಪ್ರಸಾರದ ಪರವಾನಗಿ ಸಿಗುವಂತಿರಲಿಲ್ಲವಾದ್ದರಿಂದ, ಊರವರೇ ಸಿದ್ಧಪಡಿಸಿದ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ತಲುಪಿಸಲಾಯಿತು, ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟದ್ದು 2006ರಲ್ಲಿ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ‘ಸಿಟಿಜನ್ ಮ್ಯಾಟರ್ಸ್’ ನಿವಾಸಿಗಳ ಬರಹಗಳನ್ನೂ ವೃತ್ತಿಪರರ ವರದಿಗಳನ್ನೂ ಒಟ್ಟಿಗೆ ಪ್ರಕಟಿಸುತ್ತ ಬಂದಿದೆ. ಹೊರದೇಶದ ಉದಾಹರಣೆ ಬೇಕೆಂದರೆ, ‘ಪ್ರತಿಯೊಬ್ಬ ನಾಗರಿಕನೂ ವರದಿಗಾರ’ ಎಂಬ ಘೋಷಣೆಯೊಂದಿಗೆ 2000ದಲ್ಲಿ ಹುಟ್ಟಿದ ದಕ್ಷಿಣ ಕೊರಿಯಾದ ‘ಓಮೈನ್ಯೂಸ್’ ಇದೆ. 2002ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗೆದ್ದ ರೋ ಮೂ-ಹ್ಯೂನ್ ದೊಡ್ಡ ಪತ್ರಿಕೆಗಳನ್ನು ಬದಿಗಿಟ್ಟು ತಮ್ಮ ಮೊದಲ ಸಂದರ್ಶನವನ್ನು ಕೊಟ್ಟದ್ದು ಆ ತಾಣಕ್ಕೆ.

ಮೊದಲ ಹೆಜ್ಜೆ: ಯಾರು ಬರೆಯುತ್ತಿದ್ದಾರೆ ಎಂದು ತಿಳಿಯಿರಿ

ನಿಮ್ಮ ಬಳಿ ಈಗಾಗಲೇ ಪತ್ರಕರ್ತರ ಪಟ್ಟಿಯೊಂದು ಇರುತ್ತದೆ. ಅದರಲ್ಲಿ ದಿನಪತ್ರಿಕೆಗಳ ಜಿಲ್ಲಾ ವರದಿಗಾರರು, ವಾಹಿನಿಗಳ ಪ್ರತಿನಿಧಿಗಳು, ಹೆಚ್ಚೆಂದರೆ ತಾಲ್ಲೂಕಿನ ಬಿಡಿಸುದ್ದಿಗಾರರು ಇರುತ್ತಾರೆ. ಈಗ ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಬೇಕು. ಊರಿನ ಹೆಸರಿನ ಫೇಸ್‌ಬುಕ್ ಪುಟವನ್ನು ನಡೆಸುವವರು, ಸಂತೆ ಮತ್ತು ಜಾತ್ರೆಗಳಿಂದ ನೇರಪ್ರಸಾರ ಮಾಡುವ ಯೂಟ್ಯೂಬ್ ಚಾನೆಲಿನವರು, ನಿವಾಸಿಗಳ ಸಂಘದ ಸುದ್ದಿಪತ್ರ ಹೊರತರುವ ನಿವೃತ್ತ ಶಿಕ್ಷಕರು, ಕೆರೆ ಸಂರಕ್ಷಣಾ ಬಳಗದವರು, ಗ್ರಾಮಸಭೆಯ ನಡಾವಳಿಯನ್ನು ತಪ್ಪದೆ ಬರೆದು ಹಂಚುವ ಯುವಕರು, ಸರಗೂರಿನ ‘ಜನಧ್ವನಿ’ಯಂಥ ಸಮುದಾಯ ಬಾನುಲಿಯವರು ಎಲ್ಲರೂ ಅಲ್ಲಿಗೆ ಸೇರುತ್ತಾರೆ. ಹಿಂಬಾಲಕರ ಸಂಖ್ಯೆಯನ್ನು ನೋಡಿ ಈ ಪಟ್ಟಿ ಮಾಡಬೇಡಿ. ಲಕ್ಷ ಹಿಂಬಾಲಕರಿರುವ ಹಾಸ್ಯದ ಪುಟಕ್ಕಿಂತ, ನಾನೂರು ಮನೆಗಳ ಬಡಾವಣೆಯಲ್ಲಿ ನೀರು ಬಿಡುವ ವೇಳೆಯನ್ನು ದಿನವೂ ಹಾಕುವ ಗೃಹಿಣಿಯ ಮಾತಿಗೆ ಆ ಬಡಾವಣೆಯಲ್ಲಿ ಹೆಚ್ಚು ತೂಕವಿರುತ್ತದೆ.

ಪಟ್ಟಿಯಲ್ಲಿ ಮೂರು ಸಂಗತಿಗಳನ್ನು ಬರೆದಿಡಿ: ವರದಿ ಮಾಡುವವರ ವ್ಯಾಪ್ತಿ ಯಾವ ಬೀದಿಯಿಂದ ಯಾವ ಬೀದಿಯವರೆಗೆ, ಅವರು ಯಾವ ವಿಷಯವನ್ನು ಸತತವಾಗಿ ಹಿಂಬಾಲಿಸುತ್ತಾರೆ, ತಪ್ಪಾದಾಗ ತಿದ್ದಿಕೊಂಡದ್ದುಂಟೇ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೈಕಿಗೆ ಲಾಂಛನ ಅಂಟಿಸಿಕೊಂಡು ಬಂದು, ಜಾಹೀರಾತು ಕೊಡದಿದ್ದರೆ ಸುದ್ದಿ ಹಾಕುತ್ತೇನೆ ಎನ್ನುವವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ; ಅದು ಪತ್ರಿಕೋದ್ಯಮವಲ್ಲ, ವಸೂಲಿ, ಅದಕ್ಕೆ ಪೊಲೀಸ್ ಠಾಣೆಯಲ್ಲಿ ಬೇರೆ ದಾರಿಯಿದೆ. ಆದರೆ ಆ ಕೆಲವರನ್ನು ತೋರಿಸಿ ಉಳಿದವರನ್ನೆಲ್ಲ ದೂರವಿಡುವ ಅಧಿಕಾರಿಗಳ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ.

ಎರಡನೆಯ ಹೆಜ್ಜೆ: ಮಾತಾಡುವ ಮೊದಲು ಕೇಳಿಸಿಕೊಳ್ಳಿ

ಪಟ್ಟಿ ಸಿದ್ಧವಾದ ಕೂಡಲೇ ಎಲ್ಲರಿಗೂ ಪ್ರಕಟಣೆ ಕಳುಹಿಸಲು ಹೊರಡುವುದು ಸಾಮಾನ್ಯ ತಪ್ಪು. ಕೆಲವು ವಾರ ಸುಮ್ಮನೆ ಓದಿ. ಮುಚ್ಚಿದ ಗುಂಪುಗಳಿಗೆ ಬೇರೆ ಹೆಸರಿನಲ್ಲಿ ನುಸುಳಬೇಡಿ. ಅಡ್ಮಿನ್ ಒಪ್ಪಿದರೆ ಹೆಸರು ಮತ್ತು ಹುದ್ದೆ ಹೇಳಿಕೊಂಡೇ ಸೇರಿ, ಒಪ್ಪದಿದ್ದರೆ ಬಹಿರಂಗವಾಗಿ ಪ್ರಕಟವಾಗುವುದನ್ನಷ್ಟೇ ನೋಡಿ. ಗುರುತು ಮರೆಸಿ ಕೂತ ಅಧಿಕಾರಿಯೊಬ್ಬರು ಸಿಕ್ಕಿಬಿದ್ದರೆ ಇಡೀ ಸಂಸ್ಥೆಯ ಮೇಲಿನ ನಂಬಿಕೆ ಆ ಕೇರಿಯಲ್ಲಿ ಬಹುಕಾಲ ಮರಳುವುದಿಲ್ಲ.

ಕೇಳಿಸಿಕೊಂಡದ್ದನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆಯಿರಿ. ಕಂಪ್ಯೂಟರಿನ ಹಾಳೆಯಾದರೂ ಸರಿ, ಗೆರೆ ಎಳೆದ ರಿಜಿಸ್ಟರ್ ಆದರೂ ಸರಿ. ದಿನಾಂಕ, ಜಾಗ, ವರದಿಯ ಸಾರ, ಅದು ಯಾವ ವಿಭಾಗಕ್ಕೆ ಸೇರಿದ್ದು, ಸ್ಥಳಕ್ಕೆ ಹೋಗಿ ನೋಡಿದವರು ಯಾರು, ಕಂಡದ್ದೇನು, ಏನು ಮಾಡಲಾಯಿತು, ವರದಿ ಮಾಡಿದವರಿಗೆ ಉತ್ತರ ಹೋದದ್ದು ಯಾವಾಗ ಎಂಬ ಕಲಮುಗಳಿರಲಿ. ಒಂದೇ ಟ್ರಾನ್ಸ್‌ಫಾರ್ಮರಿನ ಬಗ್ಗೆ ಮೂರು ಬೇರೆ ಬೇರೆ ಜನ ಮೂರು ವಾರಗಳಲ್ಲಿ ಬರೆದದ್ದು ಪುಟದಲ್ಲಿ ಒಂದರ ಕೆಳಗೊಂದು ಕಾಣಿಸಿದಾಗ, ವಿದ್ಯುತ್ ಸಹಾಯವಾಣಿ 1912ಕ್ಕೆ ಬಂದ ಕರೆಗಳು ಪ್ರತ್ಯೇಕ ದೂರುಗಳಾಗಿ ದಾಖಲಾಗಿ ಪ್ರತ್ಯೇಕವಾಗಿಯೇ ಮುಕ್ತಾಯಗೊಂಡದ್ದರ ಅರ್ಥವೇನೆಂದು ಎಂಜಿನಿಯರುಗಳಿಗೆ ವಿವರಿಸುವುದು ಸುಲಭವಾಗುತ್ತದೆ. ದೂರು ‘ಪರಿಹರಿಸಲಾಗಿದೆ’ ಎಂದು ಕಾಗದದಲ್ಲಿ ಕೊನೆಗೊಂಡಿರುತ್ತದೆ, ದೀಪ ಮಾತ್ರ ಮತ್ತೆ ಮಂಕಾಗುತ್ತಿರುತ್ತದೆ. ಇವೆರಡರ ನಡುವಣ ಅಂತರವನ್ನು ತೋರಿಸಿಕೊಡುವುದೇ ಊರುಕೇರಿಯ ವರದಿಯಿಂದ ಸಂಸ್ಥೆಗೆ ಆಗುವ ಮೊದಲ ಲಾಭ. ವಾರಕ್ಕೊಮ್ಮೆ ಈ ಪುಟವನ್ನು ಮೇಲಧಿಕಾರಿಗಳ ಮುಂದಿಡಿ. ಹೊಗಳಿಕೆಯ ತುಣುಕುಗಳನ್ನು ಮಾತ್ರ ಕತ್ತರಿಸಿ ಕಡತ ಮಾಡುವ ಹಳೆಯ ರೂಢಿಯನ್ನು ಬಿಡಿ.

ಮೂರನೆಯ ಹೆಜ್ಜೆ: ಪರಿಶೀಲನೆ

ಚಿತ್ರ ಬಂತು ಎಂದ ಮಾತ್ರಕ್ಕೆ ಅದು ನಿಮ್ಮ ಊರಿನದು, ಈ ದಿನದ್ದು ಎಂದಾಗುವುದಿಲ್ಲ. ಸುಳ್ಳು ಎಂದೂ ಆಗುವುದಿಲ್ಲ. ವಾಟ್ಸ್‌ಆ್ಯಪ್ಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ತೆಗೆದ ವೇಳೆ ಮತ್ತು ಸ್ಥಳದ ವಿವರಗಳು ಅಳಿಸಿಹೋಗುತ್ತವೆ. ಆದ್ದರಿಂದ ತೆಗೆದವರನ್ನೇ ಕೇಳಿ, ಮೂಲ ಕಡತವನ್ನು ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಳ್ಳಿ. ಅಂಗಡಿಯ ಫಲಕ, ಬಸ್ಸಿನ ಮಾರ್ಗಫಲಕ, ವಿದ್ಯುತ್ ಕಂಬದ ಮೇಲಿನ ಸಂಖ್ಯೆ, ನೆರಳು ಬಿದ್ದ ದಿಕ್ಕು, ಮಳೆಗಾಲವೋ ಬೇಸಿಗೆಯೋ ಎಂದು ಹೇಳುವ ಗಿಡಮರ ಇವೆಲ್ಲ ಸಾಕ್ಷಿಗಳು. ಚಿತ್ರದ ಮೂಲಕವೇ ಹುಡುಕುವ ಗೂಗಲ್ ಸೌಲಭ್ಯದಲ್ಲಿ ಅದು ಹಳೆಯದೋ ಎಂದು ನೋಡಲು ಒಂದು ನಿಮಿಷ ಸಾಕು. ಇಷ್ಟಾದ ಮೇಲೂ ಆ ಭಾಗದ ಲೈನ್‌ಮನ್ ಅಥವಾ ನೀರುಗಂಟಿ ಹೋಗಿ ನೋಡಿ ಬರುವುದಕ್ಕೆ ಸಾಟಿಯಾದ ಪರಿಶೀಲನೆಯಿಲ್ಲ. ಸ್ಥಳಕ್ಕೆ ಯಾರೂ ಹೋಗದೆ ‘ಇದು ಸತ್ಯಕ್ಕೆ ದೂರವಾದುದು’ ಎಂದು ಬರೆಯುವ ಅಧಿಕಾರ ಯಾವ ಸಂಪರ್ಕಾಧಿಕಾರಿಗೂ ಇರಬಾರದು.

ನಾಲ್ಕನೆಯ ಹೆಜ್ಜೆ: ಉತ್ತರ

‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯದಲ್ಲಿ ಯಾರು, ಏನು, ಯಾವಾಗ ಎಂಬ ಮೂರೂ ಇಲ್ಲ. ಅದನ್ನು ಓದಿದವರಿಗೆ ಏನೂ ಆಗುವುದಿಲ್ಲ ಎಂಬುದು ಮಾತ್ರ ಅರ್ಥವಾಗುತ್ತದೆ. ಅದರ ಬದಲು ಹೀಗೆ ಬರೆಯಬಹುದು: “ಚಿತ್ರದಲ್ಲಿರುವುದು ಹಳೆ ಸಂತೆಬೀದಿಯ ಎರಡನೇ ಅಡ್ಡರಸ್ತೆಯ ಕೊಳವೆ. ನಮ್ಮ ಸಹಾಯಕ ಎಂಜಿನಿಯರ್ ಬೆಳಗ್ಗೆ 11ಕ್ಕೆ ಸ್ಥಳ ನೋಡಿದ್ದಾರೆ. ಜೋಡಣೆ ಬಿಟ್ಟಿದೆ; ದುರಸ್ತಿಗೆ ರಸ್ತೆ ಅಗೆಯಬೇಕಿದೆ. ನಾಳೆ ಸಂಜೆಯೊಳಗೆ ಮುಗಿಸುವ ಅಂದಾಜಿದೆ. ಕೊಳವೆ ಏಕೆ ಒಡೆಯಿತು ಎಂಬುದು ಇನ್ನೂ ಗೊತ್ತಾಗಿಲ್ಲ. ನಾಳೆ ಮಧ್ಯಾಹ್ನ ಮತ್ತೆ ತಿಳಿಸುತ್ತೇವೆ.” ಕೆಳಗೆ ಹೆಸರು, ಹುದ್ದೆ, ಕಚೇರಿಯ ದೂರವಾಣಿ ಇರಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದದ್ದಕ್ಕೆ ಜನ ಬೈಯುವುದು ಅಪರೂಪ. ನಾಳೆ ತಿಳಿಸುತ್ತೇವೆ ಎಂದು ತಿಳಿಸದಿದ್ದರೆ ಬೈಯುತ್ತಾರೆ, ಬೈಯಬೇಕು ಕೂಡ.

ಇಂಥ ಉತ್ತರ ಎರಡು ಗಂಟೆಯೊಳಗೆ ಹೊರಡಬೇಕಾದರೆ, ಪ್ರತಿ ವಾಕ್ಯಕ್ಕೂ ಮೂರು ಮೇಜುಗಳ ಸಹಿ ಬೇಕೆಂಬ ನಿಯಮ ಇರಬಾರದು. ಯಾವ ಬಗೆಯ ಸಂಗತಿಗೆ ಸಂಪರ್ಕಾಧಿಕಾರಿ ತಾನೇ ಉತ್ತರಿಸಬಹುದು, ಯಾವುದಕ್ಕೆ ಮೇಲಿನವರ ಅನುಮತಿ ಬೇಕು, ಅಪಘಾತ ಅಥವಾ ಸಾವಿನ ಪ್ರಕರಣದಲ್ಲಿ ಯಾರು ಮಾತ್ರ ಮಾತಾಡಬೇಕು ಎಂಬುದನ್ನು ಬಿಡುವಿರುವಾಗಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಉತ್ತರವನ್ನು ವರದಿ ಬಂದ ಜಾಗಕ್ಕೇ ಕಳುಹಿಸಿ. ಬಡಾವಣೆಯ ಗುಂಪಿನಲ್ಲಿ ಎದ್ದ ಪ್ರಶ್ನೆಗೆ ರಾಜಧಾನಿಯ ಪತ್ರಿಕೆಯಲ್ಲಿ ಉತ್ತರ ಕೊಟ್ಟರೆ ಪ್ರಶ್ನೆ ಕೇಳಿದವರಿಗೆ ಅದು ತಲುಪುವುದಿಲ್ಲ.

ಬೆಳ್ಳಂದೂರು ಹೇಳುವುದೇನು

ಉತ್ತರಕ್ಕೂ ಕೆಲಸಕ್ಕೂ ಇರುವ ನಂಟನ್ನು ಬೆಂಗಳೂರಿನ ಬೆಳ್ಳಂದೂರು ಕೆರೆಗಿಂತ ಚೆನ್ನಾಗಿ ತೋರಿಸುವ ಉದಾಹರಣೆ ಕರ್ನಾಟಕದಲ್ಲಿ ನನಗೆ ತಿಳಿದಂತೆ ಇಲ್ಲ. ಸುಮಾರು 900 ಎಕರೆಯ ಆ ಕೆರೆಗೆ ಸಂಸ್ಕರಿಸದ ಕೊಳಚೆ ನೀರು ವರ್ಷಗಟ್ಟಲೆ ಹರಿದು, ಅದರಲ್ಲಿದ್ದ ಸಾಬೂನು ಪುಡಿಯ ಅಂಶಗಳು ಕೋಡಿಯಲ್ಲಿ ನೀರು ಧುಮುಕುವಾಗ ನೊರೆಯಾಗಿ ಏಳುತ್ತಿದ್ದವು. ನೊರೆ ರಸ್ತೆಗೆ ಹಾರಿ ಬೈಕ್ ಸವಾರರ ಮೈಮೇಲೆ ಬೀಳುವುದನ್ನು ಮೊದಲು ಜಗತ್ತಿಗೆ ತೋರಿಸಿದ್ದು ಸುತ್ತಲಿನ ನಿವಾಸಿಗಳ ಮೊಬೈಲುಗಳು. 2015ರಲ್ಲಿ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರುವರಿ ಮತ್ತು 2018ರ ಜನವರಿಯಲ್ಲಿ ಮತ್ತೆ ಬೆಂಕಿ ಕಾಣಿಸಿತು. ಪ್ರತಿ ಬಾರಿಯೂ ಮಹಡಿಗಳ ಮೇಲಿಂದ ತೆಗೆದ ವಿಡಿಯೊಗಳು ಅಧಿಕೃತ ಹೇಳಿಕೆಗಳಿಗಿಂತ ಮೊದಲೇ ದೂರ ಸಾಗಿದ್ದವು. 2017ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತಲಿನ ಕೈಗಾರಿಕೆಗಳನ್ನು ಮುಚ್ಚಿಸುವಂತೆ ಆದೇಶಿಸುವ ಹಂತಕ್ಕೆ ವಿಷಯ ಹೋಯಿತು.

ಸಂಪರ್ಕಾಧಿಕಾರಿಯ ಕಣ್ಣಿನಿಂದ ನೋಡಿದರೆ ಇಲ್ಲಿ ಎರಡು ಸಂಗತಿಗಳಿವೆ. ಕೆರೆಯ ಉಸ್ತುವಾರಿ ಅಭಿವೃದ್ಧಿ ಪ್ರಾಧಿಕಾರದ್ದು, ಕೊಳಚೆ ನೀರು ಜಲಮಂಡಳಿಯದು, ಕಸ ಪಾಲಿಕೆಯದು, ನಿಗಾ ಮಾಲಿನ್ಯ ನಿಯಂತ್ರಣ ಮಂಡಳಿಯದು ಎಂಬ ಹಂಚಿಕೆ ಕಡತದಲ್ಲಿ ಸರಿಯೇ ಇರಬಹುದು. ನೊರೆ ಮೆತ್ತಿಸಿಕೊಂಡು ಮನೆಗೆ ಹೋದವನಿಗೆ ಸರ್ಕಾರ ಒಂದೇ. ಹಲವು ಸಂಸ್ಥೆಗಳಿಗೆ ಸೇರಿದ ಸಮಸ್ಯೆಯಾದರೆ ಅವುಗಳ ಸಂಪರ್ಕಾಧಿಕಾರಿಗಳು ಸೇರಿ, ಯಾವ ಭಾಗ ಯಾರದು ಎಂದು ಹೆಸರು ಹೇಳಿ ಒಂದೇ ಉತ್ತರ ಕೊಡುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು. ಎರಡನೆಯದು ಇನ್ನೂ ಕಹಿ: ನೊರೆ ರಸ್ತೆಗೆ ಬಾರದಂತೆ ಜಾಲರಿ ಕಟ್ಟಿದ್ದರಿಂದ ನೊರೆ ನಿಲ್ಲಲಿಲ್ಲ, ಏಕೆಂದರೆ ಅದರ ಮೂಲ ಮೇಲ್ಭಾಗದ ಕೊಳಚೆ ಕಾಲುವೆಗಳಲ್ಲಿತ್ತು. ಅಂಥ ಕಡೆ ಎಷ್ಟೇ ಚೆಂದದ ಹೇಳಿಕೆ ಬರೆದರೂ ನಿಲ್ಲುವುದಿಲ್ಲ. ಕೆಲಸದ ವೇಳಾಪಟ್ಟಿಯನ್ನು ಪ್ರಕಟಿಸಿ, ಅದು ಹಿಂದೆ ಬಿದ್ದಾಗ ಹಿಂದೆ ಬಿದ್ದಿದೆ ಎಂದು ತಾನೇ ಮೊದಲು ಹೇಳುವುದಷ್ಟೇ ಸಂಪರ್ಕಾಧಿಕಾರಿಗೆ ಉಳಿಯುವ ಮರ್ಯಾದೆಯ ದಾರಿ.

ಐದನೆಯ ಹೆಜ್ಜೆ: ಬೀದಿಗೆ ತಕ್ಕ ಪ್ರಕಟಣೆ

ವಿದ್ಯುತ್ ವ್ಯತ್ಯಯದ ಪ್ರಕಟಣೆಗಳನ್ನು ಗಮನಿಸಿ. ಉಪಕೇಂದ್ರದ ಹೆಸರು, ಫೀಡರಿನ ಸಂಖ್ಯೆ, ‘ಮತ್ತು ಸುತ್ತಮುತ್ತಲಿನ ಪ್ರದೇಶಗಳು’ ಎಂದಿರುತ್ತದೆ. ತನ್ನ ಮನೆ ಯಾವ ಫೀಡರಿಗೆ ಸೇರಿದೆ ಎಂದು ಗೊತ್ತಿರುವ ಗ್ರಾಹಕ ವಿರಳ. ಊರುಕೇರಿಯ ವರದಿಗಾರರಿಗೆ ಕಳುಹಿಸುವ ಪ್ರಕಟಣೆಯಲ್ಲಿ ಜನ ಬಳಸುವ ಹೆಸರುಗಳೇ ಇರಬೇಕು: “ಮಂಗಳವಾರ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಹಳೆ ಸಂತೆಬೀದಿ, ಅದರ ಹಿಂದಿನ ಎರಡು ಅಡ್ಡರಸ್ತೆಗಳು ಮತ್ತು ಪ್ರೌಢಶಾಲೆಯ ಪಕ್ಕದ ಬಡಾವಣೆಯಲ್ಲಿ ವಿದ್ಯುತ್ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಬದಲಿಸುತ್ತಿದ್ದೇವೆ. ಮಳೆ ಬಂದರೆ ಕೆಲಸ ಬುಧವಾರಕ್ಕೆ ಹೋಗುತ್ತದೆ; ಹಾಗಾದರೆ ಬೆಳಗ್ಗೆ 9ಕ್ಕೆ ತಿಳಿಸುತ್ತೇವೆ.” ಸಚಿವರು, ಶಾಸಕರು, ಅಧ್ಯಕ್ಷರ ಹೆಸರುಗಳಿಂದ ಮೊದಲ ಪ್ಯಾರಾ ತುಂಬಿಸುವ ಅಗತ್ಯ ಇಲ್ಲಿಲ್ಲ.

ಪಠ್ಯವನ್ನು ಪಿಡಿಎಫ್‌ ಆಗಿ ಮಾತ್ರವಲ್ಲದೆ ನಕಲು ಮಾಡಿಕೊಳ್ಳಬಹುದಾದ ಯೂನಿಕೋಡ್ ಕನ್ನಡದಲ್ಲಿ ಕಳುಹಿಸಿ, ಏಕೆಂದರೆ ಅವರು ಮೊಬೈಲಿನಲ್ಲೇ ಬರೆದು ಮೊಬೈಲಿನಲ್ಲೇ ಪ್ರಕಟಿಸುತ್ತಾರೆ. ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ವೇಳೆಗೆ ಹೋಗಲಿ. ನಿಮ್ಮನ್ನು ಟೀಕಿಸಿದವರಿಗೆ ಎರಡು ಗಂಟೆ ತಡವಾಗಿ ಕಳುಹಿಸುವ ಸಣ್ಣತನ ಬೇಗ ಬಯಲಾಗುತ್ತದೆ.

ಆರನೆಯ ಹೆಜ್ಜೆ: ಬಾಗಿಲು ತೆರೆಯಿರಿ

ನಾಗರಿಕ ವರದಿಗಳಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ದುರುದ್ದೇಶದಿಂದಲ್ಲ, ಮಾಹಿತಿ ಸಿಗದಿರುವುದರಿಂದ ಹುಟ್ಟುತ್ತವೆ. ನೀರು ಶುದ್ಧೀಕರಣ ಘಟಕವನ್ನು, ವಿದ್ಯುತ್ ಉಪಕೇಂದ್ರವನ್ನು, ಹಾಲಿನ ಡೇರಿಯ ಪರೀಕ್ಷಾ ಕೊಠಡಿಯನ್ನು ಅವರಿಗೆ ತೋರಿಸಿ, ಅಲ್ಲಿಯ ತಂತ್ರಜ್ಞರೇ ವಿವರಿಸಲಿ. ಟೆಂಡರ್ ದಾಖಲೆ, ಕಾಮಗಾರಿಯ ಅಂದಾಜುಪಟ್ಟಿ ಓದುವುದು ಹೇಗೆಂದು ಒಂದು ಮಧ್ಯಾಹ್ನ ಹೇಳಿಕೊಡಿ. ಇದರಿಂದ ನಿಮ್ಮ ಮೇಲೆ ಬರುವ ಟೀಕೆ ಇನ್ನಷ್ಟು ಚೂಪಾಗಬಹುದು ಎಂಬ ಅಳುಕು ಸಹಜ. ಆದರೆ ಚೂಪಾದ ಟೀಕೆಗೆ ಉತ್ತರ ಹೇಳಬಹುದು, ಗಾಳಿಸುದ್ದಿಗೆ ಹೇಳುವುದು ಕಷ್ಟ.

ಸರ್ಕಾರಿ ಸಂಸ್ಥೆಗಳಿಗೆ ಇದು ಔದಾರ್ಯದ ಮಾತೂ ಅಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣದಂತೆ ಯಾರೂ ಕೇಳುವ ಮುನ್ನವೇ ಪ್ರಕಟಿಸಬೇಕಾದ ಮಾಹಿತಿಗಳಿವೆ. ಅವನ್ನು ಪ್ರಕಟಿಸದೆ, 10 ರೂಪಾಯಿ ಕಟ್ಟಿ, ಕರ್ನಾಟಕದ ನಿಯಮದಂತೆ 150 ಪದಗಳೊಳಗೆ ಅರ್ಜಿ ಬರೆದು, 30 ದಿನ ಕಾಯುವಂತೆ ವರದಿಗಾರರನ್ನು ಅಟ್ಟಿದರೆ, ಅವರು ಮಾಹಿತಿಯೊಂದಿಗೆ ಸಂಶಯವನ್ನೂ ಹೊತ್ತು ಮರಳುತ್ತಾರೆ.

ದಾಟಬಾರದ ಗೆರೆಗಳು

ಹಣ, ಉಡುಗೊರೆ, ಪ್ರವಾಸ, ನೌಕರಿಯ ಆಸೆ ತೋರಿಸಿ ಸುದ್ದಿ ಬರೆಸಬೇಡಿ. ಸ್ಥಳೀಯ ತಾಣಗಳಿಗೆ ಜಾಹೀರಾತು ಕೊಡುವುದು ತಪ್ಪಲ್ಲ, ಅವು ಬದುಕಬೇಕಾದರೆ ಅದು ಬೇಕು. ಆದರೆ ಅದು ಜಾಹೀರಾತು ಎಂದು ಓದುಗರಿಗೆ ಕಾಣುವಂತೆ ನಮೂದಾಗಿರಬೇಕು, ಜಾಹೀರಾತಿನ ಮಾತುಕತೆಯನ್ನು ನಡೆಸುವವರು ಸುದ್ದಿಯ ಬಗ್ಗೆ ಮಾತಾಡಬಾರದು. ಸಾಮಾಜಿಕ ಜಾಲತಾಣಗಳಲ್ಲಿ ಹಣ ಪಡೆದು ಮಾಡುವ ಪ್ರಚಾರವನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯೂ ಹೇಳುತ್ತದೆ. ಸಿಬ್ಬಂದಿಯಿಂದ ‘ಸಾಮಾನ್ಯ ನಾಗರಿಕ’ರ ಹೆಸರಿನಲ್ಲಿ ಹೊಗಳಿಕೆ ಬರೆಸುವುದು ಇದಕ್ಕಿಂತಲೂ ಕೀಳು. ಬರಹ ಅಳಿಸಿ ಎಂದು ಕೇಳಬೇಡಿ, ತಪ್ಪಿದ್ದರೆ ಯಾವ ವಾಕ್ಯ ತಪ್ಪು, ಸರಿಯಾದದ್ದೇನು, ದಾಖಲೆ ಯಾವುದು ಎಂದು ಬರೆದು ತಿದ್ದುಪಡಿ ಕೇಳಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಪ್ರಕರಣದಲ್ಲಿ ಮಾನಹಾನಿ ಅಪರಾಧವೇ ಹೌದು. ಆದರೂ ಚರಂಡಿಯ ಚಿತ್ರ ಹಾಕಿದವರಿಗೆ ವಕೀಲರ ನೋಟಿಸು ಕಳುಹಿಸಿದರೆ, ಆ ನೋಟಿಸೇ ಮರುದಿನದ ಸುದ್ದಿಯಾಗುತ್ತದೆ.

ವರದಿಗಾರರು ತೆಗೆದ ಚಿತ್ರವನ್ನು ನಿಮ್ಮ ಸಂಸ್ಥೆಯ ಪತ್ರಿಕೆಯಲ್ಲೋ ವಾರ್ಷಿಕ ವರದಿಯಲ್ಲೋ ಬಳಸುವುದಾದರೆ ಅನುಮತಿ ಪಡೆದು ಹೆಸರು ಹಾಕಿ. ಜಾಲತಾಣದಲ್ಲಿ ಸಿಕ್ಕಿದ್ದೆಲ್ಲ ಪುಕ್ಕಟೆಯಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ, ಕಾನೂನಿನ ಪ್ರಕ್ರಿಯೆಯಲ್ಲಿರುವ ಮಕ್ಕಳ ಗುರುತು ಬಯಲಾಗುವ ಯಾವುದನ್ನೂ ಹಂಚಬೇಡಿ, ಅಂಥದ್ದು ನಾಗರಿಕ ವರದಿಯಲ್ಲಿ ಕಂಡರೆ ಕೂಡಲೇ ವರದಿ ಮಾಡಿದವರ ಗಮನಕ್ಕೆ ತನ್ನಿ. ದೂರು ಕೊಟ್ಟವರ ಮೊಬೈಲ್ ಸಂಖ್ಯೆಯನ್ನು ಗುತ್ತಿಗೆದಾರರ ಕೈಗೆ ಕೊಡುವ ಪರಿಪಾಠ ಎಷ್ಟೋ ಕಚೇರಿಗಳಲ್ಲಿದೆ. ಅದನ್ನು ನಿಲ್ಲಿಸುವುದು ನಿಮ್ಮ ಹೊಣೆ.

ಅಳೆಯುವುದು ಮತ್ತು ಮುಂದಿನವರಿಗೆ ಒಪ್ಪಿಸುವುದು

ಎಷ್ಟು ಮೆಚ್ಚುಗೆ ಬಂತು, ಎಷ್ಟು ಜನ ನೋಡಿದರು ಎಂಬ ಲೆಕ್ಕ ಆಡಳಿತ ಮಂಡಳಿಗೆ ಇಷ್ಟವಾಗುತ್ತದೆ, ಆದರೆ ಅದರಿಂದ ತಿಳಿಯುವುದು ಕಡಿಮೆ. ದಾಖಲೆ ಪುಸ್ತಕದಿಂದಲೇ ಬೇರೆ ಲೆಕ್ಕ ತೆಗೆಯಿರಿ: ವರದಿ ಬಂದ ಮೇಲೆ ಮೊದಲ ಉತ್ತರಕ್ಕೆ ಹಿಡಿದ ಸಮಯ, ಕೊಟ್ಟ ಗಡುವಿನೊಳಗೆ ಮುಗಿದ ಕೆಲಸಗಳ ಪಾಲು, ಅದೇ ಜಾಗದಿಂದ ಅದೇ ದೂರು ಮರುಕಳಿಸಿದ್ದೆಷ್ಟು, ನೀವು ಕೇಳಿದ ತಿದ್ದುಪಡಿಗಳಲ್ಲಿ ಒಪ್ಪಿಕೊಂಡವೆಷ್ಟು, ಅವರು ಕೇಳಿದ ತಿದ್ದುಪಡಿಗಳನ್ನು ನೀವು ಒಪ್ಪಿದ್ದೆಷ್ಟು. ಮೊದಲ ತಿಂಗಳುಗಳಲ್ಲಿ ದೂರುಗಳ ಸಂಖ್ಯೆ ಏರಿದರೆ ಗಾಬರಿಯಾಗಬೇಡಿ. ಉತ್ತರ ಸಿಗುತ್ತದೆ ಎಂದು ಗೊತ್ತಾದಾಗ ಕೇಳುವವರು ಹೆಚ್ಚುತ್ತಾರೆ.

ಸರ್ಕಾರಿ ಮತ್ತು ಅರೆಸರ್ಕಾರಿ ಸಂಸ್ಥೆಗಳಲ್ಲಿ ಈ ಇಡೀ ಏರ್ಪಾಡು ಒಬ್ಬರ ವರ್ಗಾವಣೆಯೊಂದಿಗೆ ಕುಸಿಯುವ ಅಪಾಯ ಯಾವಾಗಲೂ ಇದೆ, ಏಕೆಂದರೆ ಗುಂಪುಗಳಲ್ಲಿರುವುದು ಅಧಿಕಾರಿಯ ಸ್ವಂತ ಮೊಬೈಲ್ ಸಂಖ್ಯೆ, ಪರಿಚಯಗಳಿರುವುದು ಅವರ ನೆನಪಿನಲ್ಲಿ. ಆದ್ದರಿಂದ ಆರಂಭದಲ್ಲೇ ಕಚೇರಿಯ ಹೆಸರಿನಲ್ಲಿ ಬೇರೆ ಸಂಖ್ಯೆ ಪಡೆಯಿರಿ. ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಮೇಜು, ಕ್ಯಾಮೆರಾ, ಬೀರುವಿನ ಕೀಲಿಗಳ ಜೊತೆಗೆ ಈ ಸಂಖ್ಯೆ, ವರದಿಗಾರರ ಪಟ್ಟಿ, ದಾಖಲೆ ಪುಸ್ತಕ ಮತ್ತು ಉತ್ತರ ಕೊಡುವುದಾಗಿ ಹೇಳಿ ಇನ್ನೂ ಕೊಡದೆ ಉಳಿದಿರುವ ಪ್ರಶ್ನೆಗಳನ್ನು ದಿನಾಂಕ ಸಹಿತ ನಮೂದಿಸಿ, ಹೊಸಬರ ಸಹಿ ಪಡೆಯಿರಿ. ಅವರು ಬಂದ ವಾರದಲ್ಲೇ ಪಟ್ಟಿಯಲ್ಲಿರುವವರಿಗೆ ಅವರನ್ನು ಪರಿಚಯಿಸಿ.